ಕೊಬ್ಬರಿ ಲೋಡ್ ಯಾವಾಗ?

ಪ್ರತಿ ವಾರ ನನ್ನ ಕೈಗೆ ಒಂದು ಲಿಸ್ಟ್ ಬರುತ್ತೆ. ಎಆರ್‌ಟಿ ಸೆಂಟರ್‌ನಿಂದ, ಅಂದ್ರೆ ಎಚ್‌ಐವಿ ಇರೋರಿಗೆ ಮಾತ್ರೆ ಕೊಡೋ ಸೆಂಟರ್‌ನಿಂದ ಬರೋದು, ನಾವು ಅದನ್ನ ಡ್ಯೂ ಲಿಸ್ಟ್ ಅಂತೀವಿ. ಯಾರ ಮಾತ್ರೆ ಯಾವ ತಾರೀಖಿಗೆ ಮುಗೀಬೇಕಿತ್ತು, ಯಾರು ಬಂದು ತಗೊಂಡ್ರು, ಯಾರು ಬರ್ಲಿಲ್ಲ, ಎಲ್ಲಾ ಅದ್ರಲ್ಲಿರುತ್ತೆ. ಬರದೇ ಇರೋರ ಮುಂದೆ ಮೊದ್ಲು ಮಿಸ್ ಅಂತ ಬರ್ಕೊಳ್ತಾರೆ, ಇನ್ನೊಂದಿಷ್ಟು ದಿನ ಕಳೆದ್ರೆ ಎಲ್‌ಎಫ್‌ಯು, ಅಂದ್ರೆ ಕೈತಪ್ಪಿ ಹೋದೋರು. ಆ ಹೆಸರುಗಳನ್ನ ಹಿಡ್ಕೊಂಡು ಬೆಂಗಳೂರೆಲ್ಲಾ ಸುತ್ತಿ ಆ ಮನುಷ್ಯರನ್ನ ಹುಡುಕೋದು, ಸಿಕ್ಕಿದ್ರೆ ಮಾತಾಡ್ಸೋದು, ಒಪ್ಪಿದ್ರೆ ಜೊತೇಲಿ ಆಸ್ಪತ್ರೆಗೆ ಕರ್ಕೊಂಡು ಹೋಗೋದು, ಇದು ನನ್ನ ಕೆಲಸ. ಔಟ್‌ರೀಚ್ ವರ್ಕರ್ ಅಂತಾರೆ, ಫೀಲ್ಡ್‌ನಲ್ಲಿ ಎಲ್ಲರೂ ಓಆರ್‌ಡಬ್ಲ್ಯು ಅಂತಾನೇ ಕರೆಯೋದು. ನನ್ನ ಲಿಸ್ಟಲ್ಲಿ ಇರೋರು ಬಹುತೇಕ ಗೇ ಗಂಡಸರು, ಕೋತಿಗಳು (ಗಂಡಸರನ್ನ ಇಷ್ಟಪಡೋ, ಹೆಣ್ಣಿನ ನಡೆನುಡಿ ಇರೋ ಗಂಡಸರು ತಮ್ಮನ್ನ ಹಾಗೆ ಕರ್ಕೊಳ್ತಾರೆ), ಟ್ರಾನ್ಸ್ ಹೆಣ್ಣುಮಕ್ಕಳು. ನಾನೂ ಗೇ, ನಾನೂ 2013ರಿಂದ ಇದೇ ಮಾತ್ರೆ ನುಂಗ್ತಿರೋನು. ಇದನ್ನ ಮೊದ್ಲೇ ಹೇಳ್ಬಿಡ್ತೀನಿ, ಯಾಕಂದ್ರೆ ಮುಂದೆ ಬರೆಯೋದೆಲ್ಲಾ ಹೊರಗಡೆ ನಿಂತು ನೋಡಿದ ಮಾತಲ್ಲ.

ಆಫೀಸು ಮೀಟಿಂಗ್‌ಗಳಲ್ಲಿ ಬಹಳ ಸಲ ಕೇಳಿರೋ ಮಾತು ಒಂದಿದೆ, "ಈ ಕಮ್ಯುನಿಟಿಯೋರು ಸೀರಿಯಸ್ ಆಗಿ ತಗೊಳ್ಳಲ್ಲ, ಬೇಜವಾಬ್ದಾರಿ" ಅಂತ. ಹನ್ನೆರಡು ವರ್ಷ ಈ ಲಿಸ್ಟ್ ಹಿಡ್ಕೊಂಡು ಓಡಾಡಿದೀನಿ, ಬೇಜವಾಬ್ದಾರಿಯಿಂದ ಮಾತ್ರೆ ಬಿಟ್ಟೋರು ಅಂತ ಬೆರಳೆಣಿಕೆಯಷ್ಟೂ ಸಿಕ್ಕಿಲ್ಲ. ಸಾಯೋ ಆಸೆ ಯಾರಿಗಿದೆ ಹೇಳಿ. ಮಾತ್ರೆ ಇಟ್ಕೊಳ್ಳೋಕೆ ಒಂದು ಜಾಗ ಬೇಕು, ಕರೆಯೋಕೆ ಒಂದು ಹೆಸರು ಬೇಕು, ತಪ್ಪಿಸ್ಕೊಂಡು ವಾಪಸ್ ಬಂದಾಗ ಬೈಯದೇ ಕೂರಿಸೋ ಒಂದು ಜೀವ ಬೇಕು, ಈ ಮೂರ್ರಲ್ಲಿ ಯಾವುದೋ ಒಂದು ಇಲ್ಲದೇ ಬಿಟ್ಟು ಹೋದೋರೇ ಎಲ್ಲಾ.

ಹೆಸರಿಂದಾನೇ ಶುರು ಮಾಡ್ತೀನಿ. ಲಿಸ್ಟಲ್ಲಿ ಇರೋ ಹೆಸರು ಆಧಾರ್ ಕಾರ್ಡಲ್ಲಿ ಇರೋ ಹೆಸರು, ಅಪ್ಪ ಅಮ್ಮ ಇಟ್ಟ ಗಂಡು ಹೆಸರು. ಆ ಹೆಸರಿಟ್ಕೊಂಡು ಹಮಾಮ್‌ಗೆ, ಅಂದ್ರೆ ಟ್ರಾನ್ಸ್ ಹೆಣ್ಣುಮಕ್ಕಳು ಒಟ್ಟಿಗೆ ಇರೋ ಮನೆಗೆ ಹೋಗಿ ಬಾಗಿಲಲ್ಲಿ ನಿಂತು "ಇಂಥೋರು ಇದಾರಾ" ಅಂತ ಕೇಳಿದ್ರೆ ಏನಾಗುತ್ತೆ ಗೊತ್ತಾ? ಒಳಗಡೆ ಇರೋ ಅರ್ಧ ಜನಕ್ಕೆ ಆ ಹೆಸರೇ ಗೊತ್ತಿರಲ್ಲ, ಗೊತ್ತಿರೋರಿಗೆ ಅದು ಬೈದ ಹಾಗೆ ಕೇಳ್ಸುತ್ತೆ. ಆ ಹೆಣ್ಣುಮಗಳು ಅದೇ ಹೆಸರಿಂದ ತಪ್ಪಿಸ್ಕೊಳ್ಳೋಕೆ ಅಂತಾನೇ ರಾಯಚೂರಿಂದ ರಾತ್ರಿ ಬಸ್ ಹತ್ತಿ ಬಂದಿರ್ತಾಳೆ, ಈಗ ನಾನು ಫೈಲ್ ಹಿಡ್ಕೊಂಡು ಬಂದು ಅದನ್ನೇ ಬೀದೀಲಿ ಕೂಗ್ತಿದೀನಿ. ಇನ್ನು ಎಂಎಸ್‌ಎಂ, ಅಂದ್ರೆ ಗಂಡಸರ ಜೊತೆ ಮಲಗೋ ಗಂಡಸರು, ಅಂತ ಒಂದು ಕಾಲಂ ಇರುತ್ತೆ, ಆ ಪದದಿಂದ ತನ್ನನ್ನ ತಾನು ಕರ್ಕೊಳ್ಳೋ ಒಬ್ಬೇ ಒಬ್ಬ ಮನುಷ್ಯನನ್ನ ನಾನು ಇವತ್ತಿನವರೆಗೂ ನೋಡಿಲ್ಲ, ಅದು ಫಾರಂನಲ್ಲಿ ಹುಟ್ಟಿ ಫಾರಂನಲ್ಲೇ ಬದುಕೋ ಹೆಸರು.

ಆಸ್ಪತ್ರೇಲಿ ಇನ್ನೂ ಕಷ್ಟ. ಒಂದು ಸೆಂಟರ್‌ನಲ್ಲಿ, ಯಾವುದು ಅಂತ ಬರೆಯಲ್ಲ, ಔಷಧಿ ಕೊಡೋ ಕಿಟಕಿ ಮುಂದೆ ಗಂಡಸರ ಸಾಲು ಹೆಂಗಸರ ಸಾಲು ಅಂತ ಎರಡಿದ್ವು. ನಮ್ಮ ಟ್ರಾನ್ಸ್ ಅಕ್ಕ ಒಬ್ರು, ನೀಲಿ ಬಣ್ಣದ ಸಿಲ್ಕ್ ಕಾಟನ್ ಸೀರೆ ಉಟ್ಕೊಂಡು ತಲೆಗೆ ಹೂವ ಮುಡ್ಕೊಂಡು ಬಂದಿದ್ರು, ಮೊದ್ಲ ಸಲ ಒಬ್ರೇ ಬಂದಿದ್ರು ಅಂತ ನನಗೆ ಖುಷಿ. ಹೆಂಗಸರ ಸಾಲಲ್ಲಿ ನಿಂತ್ರೆ ಹಿಂದೆ ಇದ್ದ ಅಜ್ಜಿ ಒಂದು ಹೆಜ್ಜೆ ಹಿಂದಕ್ಕೆ ಸರಿದ್ರು, ಗಂಡಸರ ಸಾಲಲ್ಲಿ ನಿಂತ್ರೆ ಹುಡುಗರು ಮೈ ತಾಗಿಸೋಕೆ ಶುರು ಮಾಡಿದ್ರು. ಕೊನೆಗೆ ಗೋಡೆ ಪಕ್ಕ ನಿಂತ್ಕೊಂಡ್ರು. ಆಮೇಲೆ ಕಿಟಕಿಯಿಂದ ಹೆಸರು ಕೂಗಿದ್ರು, ಆ ಗಂಡು ಹೆಸರು, ಎರಡು ಸಲ, ಎರಡನೇ ಸಲ ಇನ್ನೂ ಜೋರಾಗಿ. ಇಡೀ ಹಾಲ್ ತಿರುಗಿ ನೋಡ್ತು ಯಾರು ಎದ್ದು ಬರ್ತಾರೆ ಅಂತ. ಅಕ್ಕ ಗೋಡೆ ಬಿಟ್ಟು ಹೊರಟ್ರು, ಆದ್ರೆ ಕಿಟಕಿ ಕಡೆ ಹೋಗ್ಲಿಲ್ಲ, ಗೇಟ್ ಕಡೆ ಹೋದ್ರು. ನಾನು ಹಿಂದೆ ಓಡಿ ಹೋಗೋಷ್ಟರಲ್ಲಿ ಆಟೋ ಹತ್ತಿ ಆಗಿತ್ತು. ಏಳು ತಿಂಗಳು ಆ ಕಡೆ ಮುಖ ಹಾಕ್ಲಿಲ್ಲ. ಲಿಸ್ಟಲ್ಲಿ ಅವರ ಮುಂದೆ ಏನಂತ ಬರೆದಿದ್ರು ಗೊತ್ತಾ? ಪೇಷೆಂಟ್ ನಾಟ್ ವಿಲ್ಲಿಂಗ್.

ಅದಾದ್ಮೇಲೆ ಅಲ್ಲಿನ ಕೌನ್ಸೆಲರ್ ಮೇಡಂ ಒಬ್ರು, ತುಂಬಾ ಒಳ್ಳೆಯೋರು, ಹೆಸರು ಕೂಗೋದು ನಿಲ್ಲಿಸಿ ಎಆರ್‌ಟಿ ನಂಬರಿನ ಕೊನೆ ಮೂರು ಅಂಕಿ ಕೂಗೋದು ಶುರು ಮಾಡಿಸಿದ್ರು. ಅಷ್ಟೇ ಬದಲಾವಣೆ, ಒಂದು ರೂಪಾಯಿ ಖರ್ಚಿಲ್ಲ. ಜೊತೆಗೆ ಗ್ರೀನ್ ಬುಕ್ಕಲ್ಲಿ, ಅದು ಪೇಷೆಂಟ್ ಹತ್ರ ಇರೋ ಹಸಿರು ಪುಸ್ತಕ, ಅದರ ಮೇಲೆ ಪೆನ್ಸಿಲ್‌ನಲ್ಲಿ ಅವರು ಇಷ್ಟಪಡೋ ಹೆಸರು ಬರ್ಕೊಡ್ತಿದ್ರು. ಪೆನ್ಸಿಲ್‌ನಲ್ಲಿ ಬರೆದಿದ್ದನ್ನ ಅಕ್ಕ ಮನೆಗೆ ಹೋಗಿ ಪೆನ್‌ನಲ್ಲಿ ತಿದ್ದಿಕೊಂಡು ಬಂದಿದ್ರು, ಅದನ್ನ ನನಗೆ ತೋರಿಸಿದ್ದು ನೆನೆಸ್ಕೊಂಡ್ರೆ ಈಗ್ಲೂ ಗಂಟಲು ಕಟ್ಟುತ್ತೆ.

ಮಾತ್ರೆ ವಿಷಯಕ್ಕೆ ಬರ್ತೀನಿ. ನಮ್ಮ ದೇಶದಲ್ಲಿ ಸರ್ಕಾರ ಎಆರ್‌ಟಿ ಫ್ರೀಯಾಗಿ ಕೊಡೋಕೆ ಶುರು ಮಾಡಿದ್ದು 2004ರ ಏಪ್ರಿಲ್ 1ಕ್ಕೆ. ಅದಕ್ಕೂ ಮುಂಚೆ ದುಡ್ಡಿದ್ದೋರಿಗೆ ಮಾತ್ರ ಔಷಧಿ, ಇಲ್ಲದೋರಿಗೆ ದಿನ ಎಣಿಸೋದು. ನಮ್ಮ ಹಿರಿಯ ಕೋತಿಗಳು ಆ ಕಾಲದ ಮಾತಾಡ್ಬೇಕಾದ್ರೆ ಒಂದೊಂದು ಪಾರ್ಕಿನ ಒಂದೊಂದು ಬೆಂಚು ತೋರಿಸಿ ಇಲ್ಲಿ ಕೂರ್ತಿದ್ದೋರು ಯಾರೂ ಈಗಿಲ್ಲ ಅಂತಾರೆ. ಫ್ರೀ ಔಷಧಿ ಬಂದ್ಮೇಲೂ ತುಂಬಾ ವರ್ಷ ಸಿಡಿ4 ಕೌಂಟ್, ಅಂದ್ರೆ ರೋಗದ ಜೊತೆ ಹೋರಾಡೋ ರಕ್ತಕಣಗಳ ಲೆಕ್ಕ, ಒಂದು ಮಟ್ಟಕ್ಕಿಂತ ಕೆಳಗೆ ಬಂದ್ರೆ ಮಾತ್ರ ಶುರು ಮಾಡ್ತಿದ್ರು, ನನ್ನ ಸರದೀಲಿ ಅದು 350. ಅಲ್ಲೀತನಕ "ಆರು ತಿಂಗಳಿಗೊಂದು ಸಲ ಬಂದು ಚೆಕ್ ಮಾಡಿಸ್ಕೊಂಡು ಹೋಗಿ" ಅಂತ ಕಳಿಸ್ತಿದ್ರು. ಕೈಗೆ ಮಾತ್ರೆನೂ ಕೊಡದೇ ಬರೀ ಭಯ ಕೊಟ್ಟು ಕಳಿಸಿದ್ರೆ ಯಾರು ವಾಪಸ್ ಬರ್ತಾರೆ? ನಾವು ಎಷ್ಟು ಜನರನ್ನ ಆ ಆರು ತಿಂಗಳಲ್ಲಿ ಕಳ್ಕೊಂಡ್ವಿ. 2017ರಲ್ಲಿ ಆ ನಿಯಮ ಹೋಯ್ತು, ಈಗ ಪಾಸಿಟಿವ್ ಅಂತ ಗೊತ್ತಾದ್ರೆ ಸಿಡಿ4 ಎಷ್ಟೇ ಇರ್ಲಿ ಚಿಕಿತ್ಸೆ ಶುರು.

ನನಗೆ ಮೊದ್ಲು ಕೊಟ್ಟಿದ್ದ ಮಾತ್ರೆಯಲ್ಲಿ ಎಫಾವಿರೆಂಜ್ ಇತ್ತು. ರಾತ್ರಿ ಮಲಗೋಕೆ ಮುಂಚೆ ತಗೊಳ್ಳಿ ಅಂತಿದ್ರು, ಯಾಕಂದ್ರೆ ತಲೆ ಗಿರ್ ಅನ್ನುತ್ತೆ, ಮಂಪರು ಬರುತ್ತೆ, ಕನಸುಗಳು ಅಂದ್ರೆ ಎದ್ದು ಕೂತು ಬೆವರು ಒರೆಸ್ಕೊಳ್ಳೋ ಅಂಥ ಕನಸುಗಳು. ನನಗೆ ಮೊದ್ಲ ಎರಡು ವಾರ ಗೋಡೆ ಹಿಡ್ಕೊಂಡೇ ಬಾತ್ರೂಮಿಗೆ ಹೋಗ್ತಿದ್ದೆ. ಆದ್ರೆ ನನಗೆ ರಾತ್ರಿ ಅಂದ್ರೆ ಮಲಗೋ ಹೊತ್ತು. ದಂಧೆ ಮಾಡೋ ಟ್ರಾನ್ಸ್ ಹೆಣ್ಣುಮಕ್ಕಳಿಗೆ ರಾತ್ರಿ ಅಂದ್ರೆ ಕೆಲಸದ ಹೊತ್ತು. ರೋಡಲ್ಲಿ ನಿಂತಾಗ ಪೊಲೀಸು, ರೌಡಿ, ಕುಡಿದು ಬಂದೋನು, ಎಲ್ಲರಿಂದ ತಪ್ಪಿಸ್ಕೊಂಡು ಓಡೋಕೆ ತಲೆ ನೆಟ್ಟಗಿರ್ಬೇಕು. ಒಂಬತ್ತಕ್ಕೆ ಮಾತ್ರೆ ನುಂಗಿ ಹನ್ನೊಂದಕ್ಕೆ ರೋಡಲ್ಲಿ ತೂರಾಡ್ತಾ ನಿಲ್ಲೋಕಾಗುತ್ತಾ? ಒಬ್ಬ ಹುಡುಗಿ ನನಗೆ ನೇರವಾಗೇ ಕೇಳಿದ್ಲು, "ಅಣ್ಣಾ, ಮಾತ್ರೆ ತಗೊಂಡ್ರ ಇವತ್ತ ರಾತ್ರಿ ಹೊಡಿಸ್ಕೊಂಡ ಸಾಯ್ತೀನಿ, ತಗೊಳ್ಳಿಲ್ಲಂದ್ರ ಇನ್ನ ಹತ್ತ ವರ್ಷಕ್ಕ ಸಾಯ್ತೀನಿ, ನೀನ ಹೇಳು." ನನ್ನ ಹತ್ರ ಉತ್ತರ ಇರ್ಲಿಲ್ಲ. ಆಮೇಲೆ ಡಾಕ್ಟರ್ ಹತ್ರ ಮಾತಾಡಿ ಅವಳ ರಾತ್ರಿಯನ್ನ ನಾವೇ ಬೆಳಗ್ಗೆ ಐದಕ್ಕೆ ಶಿಫ್ಟ್ ಮಾಡಿದ್ವಿ, ಮನೆಗೆ ಬಂದು ಮುಖ ತೊಳ್ಕೊಂಡು ಚಿತ್ರಾನ್ನನೋ ಬನ್ನೋ ತಿಂದು ಮಾತ್ರೆ ತಗೊಂಡು ಮಲಗೋದು. ಅಷ್ಟು ಸಣ್ಣ ವಿಷಯ, ಆದ್ರೆ "ನೀನು ಎಷ್ಟೊತ್ತಿಗೆ ಮಲಗ್ತೀಯಾ" ಅಂತ ಅವಳನ್ನ ಯಾರೂ ಅಲ್ಲೀತನಕ ಕೇಳೇ ಇರ್ಲಿಲ್ಲ.

ಈಗ ಟಿಎಲ್‌ಡಿ ಬಂದಿದೆ, ಟೆನೊಫೊವಿರ್, ಲಾಮಿವುಡಿನ್, ಡೊಲುಟೆಗ್ರಾವಿರ್, ಮೂರೂ ಸೇರಿ ದಿನಕ್ಕೊಂದೇ ಮಾತ್ರೆ, ಬೆಳಗ್ಗೆನೋ ರಾತ್ರಿನೋ ಅವರವರ ಅನುಕೂಲ, ದಿನಾ ಅದೇ ಹೊತ್ತಿಗೆ ತಗೊಂಡ್ರಾಯ್ತು. ಆ ತಲೆ ತಿರುಗೋ ಕಾಟ ಹೋಯ್ತು. ಟ್ರಾನ್ಸ್ ಹೆಣ್ಣುಮಕ್ಕಳಲ್ಲಿ ಇನ್ನೊಂದು ಭಯ ಇತ್ತು, ಈಗ್ಲೂ ಇದೆ, ಎಚ್‌ಐವಿ ಮಾತ್ರೆ ತಗೊಂಡ್ರೆ ಹಾರ್ಮೋನ್ ಕೆಲಸ ಮಾಡಲ್ಲ, ಎದೆ ಇಳಿದು ಹೋಗುತ್ತೆ, ಗಡ್ಡ ವಾಪಸ್ ಬರುತ್ತೆ ಅಂತ. ಹಳೇ ಎಫಾವಿರೆಂಜ್ ವಿಷಯದಲ್ಲಿ ಆ ಭಯ ಪೂರ್ತಿ ಸುಳ್ಳೂ ಅಲ್ಲ, ಅದು ಮೈಯಲ್ಲಿರೋ ಈಸ್ಟ್ರೋಜನ್ ಮಟ್ಟವನ್ನ ಕಮ್ಮಿ ಮಾಡಬಹುದು. ಡೊಲುಟೆಗ್ರಾವಿರ್ ಜೊತೆ ಆ ತೊಂದರೆ ಇಲ್ಲ. ಇದನ್ನ ಯಾರೂ ಅವರಿಗೆ ಬಿಡಿಸಿ ಹೇಳಿರಲ್ಲ, ಯಾಕಂದ್ರೆ ಹಾರ್ಮೋನ್ ತಗೊಳ್ತಿದೀನಿ ಅಂತ ಅವರೂ ಡಾಕ್ಟರ್‌ಗೆ ಹೇಳಿರಲ್ಲ, ಮೆಡಿಕಲ್ ಶಾಪಿಂದ ತಾವೇ ತಂದು ತಗೊಳ್ತಿರ್ತಾರೆ, ಹೇಳಿದ್ರೆ ಬೈತಾರೆ ಅಂತ. ತಾನು ಹೆಣ್ಣಾಗೋದಾ, ಜೀವ ಉಳಿಸ್ಕೊಳ್ಳೋದಾ ಅಂತ ಅವರ ಮುಂದೆ ಆಯ್ಕೆ ಇಟ್ರೆ ಎಷ್ಟೋ ಜನ ಹೆಣ್ಣಾಗೋದನ್ನೇ ಆರಿಸ್ಕೊಳ್ತಾರೆ, ನಾನಾಗಿದ್ರೂ ಬಹುಶಃ ಹಾಗೇ ಮಾಡ್ತಿದ್ದೆ. ಎರಡೂ ಒಟ್ಟಿಗೆ ಸಾಧ್ಯ ಅಂತ ಹೇಳೋಕೆ ಹತ್ತು ನಿಮಿಷ ಸಾಕು. ಡೊಲುಟೆಗ್ರಾವಿರ್ ಮಾಡೋ ಕಿರಿಕಿರಿ ಬೇರೇದು, ಕ್ಯಾಲ್ಸಿಯಂ, ಐರನ್ ಜೊತೆ ಖಾಲಿ ಹೊಟ್ಟೇಲಿ ತಗೊಂಡ್ರೆ, ಗ್ಯಾಸ್ಟ್ರಿಕ್‌ಗೆ ಕುಡಿಯೋ ಆ್ಯಂಟಾಸಿಡ್ ಜೊತೆ ಊಟ ಆಗಿದ್ರೂ ತಗೊಂಡ್ರೆ, ಮೈಗೆ ಸರಿಯಾಗಿ ಹತ್ತಲ್ಲ, ಅದನ್ನ ಡಾಕ್ಟರ್ ಹತ್ರ ಕೇಳ್ಕೊಂಡು ಹೊತ್ತು ಬದಲಾಯಿಸ್ಕೊಳ್ಬೇಕು.

ನಿರ್ವಾಣ, ಅಂದ್ರೆ ಗಂಡಿನ ಅಂಗ ತೆಗೆಸೋ ಆಪರೇಷನ್, ಆದ್ಮೇಲೆ ನಲವತ್ತು ದಿನ ಹೊರಗೆ ಬರೋ ಹಾಗಿಲ್ಲ ಅನ್ನೋದು ಸಂಪ್ರದಾಯ, ಆ ನಲವತ್ತು ದಿನದಲ್ಲಿ ಡ್ಯೂ ಡೇಟ್ ಬಿದ್ರೆ ಮಾತ್ರೆ ತಪ್ಪಿ ಹೋಗ್ತಿತ್ತು. ಪೂನಾ ಬಾಂಬೆಗೆ ಬಸ್ತಿ ಕೇಳೋಕೆ, ಅಂದ್ರೆ ಅಂಗಡಿ ಅಂಗಡಿಗೆ ಹೋಗಿ ದುಡ್ಡು ಕೇಳೋಕೆ ಹೋದೋರು ಮೂರು ತಿಂಗಳು ಬರ್ತಿರ್ಲಿಲ್ಲ. ಗ್ರೀನ್ ಬುಕ್ ತೋರಿಸಿದ್ರೆ ಬೇರೆ ಊರಿನ ಎಆರ್‌ಟಿ ಸೆಂಟರ್‌ನಲ್ಲೂ ಆ ಹೊತ್ತಿಗೆ ಔಷಧಿ ಕೊಡ್ತಾರೆ ಅನ್ನೋದು ಎಷ್ಟೋ ಜನಕ್ಕೆ ಗೊತ್ತೇ ಇಲ್ಲ. ಇದನ್ನೆಲ್ಲಾ ನಾವು ಹೇಳೋದಕ್ಕಿಂತ ಗುರು, ಅಂದ್ರೆ ಟ್ರಾನ್ಸ್ ಮನೆಯ ಹಿರಿಯಕ್ಕ, ಹೇಳಿದ್ರೆ ನಡೆಯುತ್ತೆ. ನನಗೆ ಗೊತ್ತಿರೋ ಒಬ್ಬ ಗುರು ಇದಾರೆ, ಅರವತ್ತರ ಹತ್ರ ವಯಸ್ಸು, ಆರು ಜನ ಚೇಲಾಗಳು. ಅವರ ಅಡುಗೆಮನೆ ಮೇಲಿನ ಶೆಲ್ಫಲ್ಲಿ ಉಪ್ಪಿನ ಡಬ್ಬಿ, ಖಾರದಪುಡಿ ಡಬ್ಬಿ, ಅದರ ಪಕ್ಕ ಸಾಲಾಗಿ ನಾಲ್ಕು ಬಿಳೀ ಬಾಟಲು. ಲೇಬಲ್ ಎಲ್ಲಾ ಕಿತ್ತು ಹಾಕಿ ಒಂದೊಂದಕ್ಕೆ ಒಂದೊಂದು ಬಣ್ಣದ ಬಳೆ ಸಿಕ್ಕಿಸಿದಾರೆ, ಹಸಿರು ಬಳೆ ಬಾಟಲು ಇವಳದು, ಕೆಂಪು ಬಳೇದು ಅವಳದು, ಒಂದಕ್ಕೆ ಬಳೆ ಇಲ್ಲ, ಅದು ಗುರುದೇ. ಊಟಕ್ಕೆ ಕೂತಾಗ "ಊಟ ಆತೇನ್ರೇ?" ಅಂತ ಕೇಳ್ತಾರೆ, ಮುಂದೆ ತಟ್ಟೆ ತುಂಬಾ ಅನ್ನ ಇದ್ರೂ. ಆ ಮನೇಲಿ ಊಟ ಆಯ್ತಾ ಅಂದ್ರೆ ಮಾತ್ರೆ ಆಯ್ತಾ ಅಂತ. ಹೊರಗಿನೋರು ಯಾರಾದ್ರೂ ಕೂತಿದ್ರೂ ಗೊತ್ತಾಗಲ್ಲ. ಆ ಮನೆಯಿಂದ ನನ್ನ ಲಿಸ್ಟಿಗೆ ಇವತ್ತಿನವರೆಗೂ ಒಂದು ಹೆಸರೂ ಬಂದಿಲ್ಲ.

ಇನ್ನು ನನ್ನ ತಪ್ಪಿನ ವಿಷಯ. ಇದನ್ನ ಬರೆಯೋಕೆ ತುಂಬಾ ದಿನ ಹಿಂದೆ ಮುಂದೆ ನೋಡಿದೀನಿ. ಗುರುತು ಸಿಗದ ಹಾಗೆ ಒಂದಿಷ್ಟು ಬದಲಾಯಿಸಿದೀನಿ, ಅವರಿಗೆ ಫೋನಲ್ಲಿ ಓದಿ ಹೇಳಿ ಒಪ್ಪಿಗೆ ತಗೊಂಡೇ ಹಾಕ್ತಿದೀನಿ.

ತಿಪಟೂರು ಅರಸೀಕೆರೆ ಕಡೆಯೋರು, ಕೊಬ್ಬರಿ ವ್ಯಾಪಾರ, ಮದುವೆ ಆಗಿದೆ, ಎರಡು ಮಕ್ಕಳು. ಗಂಡಸರ ಮೇಲೆ ಆಸೆ ಅಂತ ಚಿಕ್ಕ ವಯಸ್ಸಿಂದ ಗೊತ್ತಿತ್ತು, ಆದ್ರೆ ಊರಲ್ಲಿ ದೊಡ್ಡ ಮನೆತನ, ಇಪ್ಪತ್ತೈದಕ್ಕೆ ಮದುವೆ ಮಾಡಿದ್ರು. ತಿಂಗಳಿಗೊಂದೆರಡು ಸಲ ಬೆಂಗಳೂರಿಗೆ ಬರ್ತಿದ್ರು, ವ್ಯಾಪಾರ ಅಂತ, ಅದರ ಜೊತೆಗೆ ಮೆಜೆಸ್ಟಿಕ್ಕಲ್ಲಿ ತಮ್ಮಂಥೋರ ಜೊತೆ ಎರಡು ತಾಸು ಉಸಿರಾಡ್ಕೊಂಡು ಹೋಗೋದು. 2014ರಲ್ಲಿ ಪಾಸಿಟಿವ್ ಅಂತ ಗೊತ್ತಾಯ್ತು. ತುಮಕೂರಲ್ಲಿ ತಗೊಳ್ಳಿ ಹತ್ರ ಆಗುತ್ತೆ ಅಂದ್ರೆ ಒಪ್ಪಲಿಲ್ಲ, ಅಲ್ಲಿ ಯಾರಾದ್ರೂ ಪರಿಚಯದೋರು ಸಿಗ್ತಾರೆ ಅಂತ. ಬೆಂಗಳೂರಿಗೇ ರೈಲಲ್ಲಿ ಬಂದು ತಗೊಂಡು ಹೋಗ್ತಿದ್ರು. ಬಾಟಲಲ್ಲಿ ಮೂವತ್ತು ಮಾತ್ರೆ ಇರುತ್ತಲ್ಲ, ನಡೆದ್ರೆ ಗಲಗಲ ಸದ್ದಾಗುತ್ತೆ. ಆ ಸದ್ದು ಬರಬಾರದು ಅಂತ ಜೇಬಿಂದ ಹತ್ತಿ ತೆಗೆದು, ಮನೇಲಿ ದೀಪದ ಬತ್ತಿ ಮಾಡೋ ಹತ್ತಿ ಅದು, ಬಾಟಲೊಳಗೆ ತುರುಕಿ ಮುಚ್ಚಳ ಹಾಕಿ ಕಿವಿ ಹತ್ರ ಇಟ್ಕೊಂಡು ಅಲ್ಲಾಡಿಸಿ ನೋಡ್ತಿದ್ರು. ಸದ್ದು ಬರಲ್ಲ ಅಂತ ಖಾತ್ರಿ ಆದ್ಮೇಲೇ ಬ್ಯಾಗಿಗೆ ಹಾಕ್ಕೊಳ್ತಿದ್ದಿದ್ದು. ಅಷ್ಟು ಜೋಪಾನ ಮಾಡ್ತಿದ್ದ ಮನುಷ್ಯ.

2016ರಲ್ಲಿ ಒಂದು ಸಲ ಡ್ಯೂ ಡೇಟ್ ದಾಟಿ ಎಂಟು ದಿನ ಆಗಿತ್ತು. ಆ ತಿಂಗಳು ನನ್ನ ಲಿಸ್ಟ್ ಉದ್ದ ಇತ್ತು, ಮೇಲಿನೋರಿಂದ ಫಾಲೋ ಅಪ್ ಎಷ್ಟು ಆಯ್ತು ಅಂತ ದಿನಾ ಕೇಳ್ತಿದ್ರು, ನಾನು ಒಂದರ ಹಿಂದೆ ಒಂದು ಫೋನ್ ಮಾಡ್ತಾ ಕೂತಿದ್ದೆ. ಅವರ ನಂಬರಿಗೆ ಮಾಡ್ದೆ, ಹೆಂಗಸಿನ ಧ್ವನಿ. ಕಟ್ ಮಾಡ್ಬೇಕಿತ್ತು, ರಾಂಗ್ ನಂಬರ್ ಅನ್ಬೇಕಿತ್ತು. ನಾನು "ಆಸ್ಪತ್ರೆಯಿಂದ ಮಾತಾಡ್ತಿದೀನಿ, ಸಾರ್ ಈ ತಿಂಗಳ ಮಾತ್ರೆ ತಗೊಂಡು ಹೋಗಿಲ್ಲ" ಅಂದ್ಬಿಟ್ಟೆ. ಬಾಯಿಂದ ಹೊರಗೆ ಬಂದಾಗ್ಲೇ ಗೊತ್ತಾಯ್ತು. ಆ ಕಡೆಯಿಂದ "ಯಾವ ಆಸ್ಪತ್ರೆ? ಯಾವ ಮಾತ್ರೆ? ನಮ್ಮನೆಯೋರಿಗೆ ಏನಾಗಿದೆ?" ಆಗ ಕಟ್ ಮಾಡ್ದೆ. ಆ ಹೆಂಗಸಿನ ಗಾಬರಿ ಧ್ವನಿ ಇನ್ನೂ ನನ್ನ ಕಿವೀಲಿದೆ. ಅವತ್ತು ರಾತ್ರಿ ಅವರ ಮನೇಲಿ ಏನು ನಡೀತು ಅಂತ ನನಗೆ ಗೊತ್ತಾಗಿದ್ದು ತುಂಬಾ ತಡವಾಗಿ. ಶುಗರ್ ಮಾತ್ರೆ ಅಂತ ಹೇಳಿದ್ರಂತೆ, ನಂಬಲಿಲ್ಲ, ಅಂಗಡಿ ಗಲ್ಲಾಪೆಟ್ಟಿಗೆ ಎಲ್ಲಾ ಹುಡುಕಿದ್ರಂತೆ. ಸಿಕ್ಕಿಬಿಡುತ್ತೆ ಅನ್ನೋ ಭಯಕ್ಕೆ ಉಳಿದಿದ್ದ ಮಾತ್ರೆನೂ ಬಾಟಲು ಸಮೇತ ಕೆರೆಗೆ ಎಸೆದ್ರು. ಸಿಮ್ ಬದಲಾಯಿಸಿದ್ರು. ಐದು ತಿಂಗಳು.

ನಾನು ಒಂದು ಸಲ ಅವರ ಊರಿಗೆ ಹೋದೆ. ಬಸ್ ಸ್ಟ್ಯಾಂಡಲ್ಲಿ ಇಳಿದೆ, ಕಾಫಿ ಕುಡ್ದೆ, ಅಂಗಡಿ ಬೀದಿ ಯಾವ ಕಡೆ ಅಂತ ಕೇಳೋಕೆ ಬಾಯಿ ತೆರೆದೋನು ಮುಚ್ಕೊಂಡೆ. ನಾನು ಕಾಲಿಟ್ರೆ ಇನ್ನೊಂದು ಸಲ ಅವರ ಮನೆ ಮುರೀತೀನಿ ಅನ್ನಿಸ್ತು. ಮುಂದಿನ ಬಸ್ಸಿಗೆ ವಾಪಸ್ ಬಂದೆ.

ಅವರೇ ಬಂದ್ರು, 2017ರ ಶುರುವಿನಲ್ಲಿ, ಕೆಮ್ಮಿಕೊಂಡು, ಶರ್ಟು ಹ್ಯಾಂಗರ್‌ಗೆ ಹಾಕಿದ ಹಾಗೆ ತೂಗ್ತಿತ್ತು. ಟಿಬಿ ಆಗಿತ್ತು, ಸಿಡಿ4 ನೂರಕ್ಕಿಂತ ಕೆಳಗೆ. ನಮ್ಮ ಆಫೀಸ್ ಬಾಗಿಲಲ್ಲಿ ನಿಂತಿದ್ರು. ಯಾರಾದ್ರೂ ತಿಂಗಳುಗಟ್ಟಲೆ ಬಿಟ್ಟು ಬಂದ್ರೆ ನಮ್ಮ ಬಾಯಿಗೆ ಮೊದ್ಲು ಬರೋದು "ಯಾಕೆ ಬರ್ಲಿಲ್ಲ ಇಷ್ಟು ದಿನ?" ಅನ್ನೋ ಪ್ರಶ್ನೆ. ಆಸ್ಪತ್ರೇಲೂ ಅದೇ, ಕಿಟಕೀಲೂ ಅದೇ, ಕೌನ್ಸೆಲಿಂಗ್ ರೂಮಲ್ಲೂ ಅದೇ, ವಾಪಸ್ ಬಂದೋರು ನಾಲ್ಕು ಕಡೆ ನಾಲ್ಕು ಸಲ ಉತ್ತರ ಹೇಳ್ಬೇಕು. ಅವರಿಗೆ ನಾನು ಕೇಳೋ ಹಾಗಿರ್ಲಿಲ್ಲ, ಉತ್ತರ ನಾನೇ. "ತಪ್ಪು ನಂದು ಸಾರ್" ಅಂದೆ. ಅವರು "ಮೊದ್ಲು ಕೂರೋಕೆ ಜಾಗ ಕೊಡು ತಮ್ಮಾ, ಉಸಿರು ಸಿಗ್ತಿಲ್ಲ" ಅಂದ್ರು.

ಅವತ್ತಿಂದ ಯಾರು ಎಷ್ಟು ದಿನ ಬಿಟ್ಟು ಬಂದ್ರೂ ಆ ಪ್ರಶ್ನೆ ನಾನು ಕೇಳಿಲ್ಲ. ಕೂತ್ಕೊಳ್ಳಿ, ನೀರು ಕುಡೀರಿ, ಬಂದಿದ್ದು ಒಳ್ಳೇದಾಯ್ತು. ಕಾರಣ ಅವರೇ ಹೇಳ್ತಾರೆ, ಮೂರನೇ ಭೇಟೀಲೋ ನಾಲ್ಕನೇ ಭೇಟೀಲೋ.

ಟಿಬಿ ಕೋರ್ಸ್ ಮುಗೀತು, ಎಆರ್‌ಟಿ ಮತ್ತೆ ಹತ್ತಿತು. ಅವರ ಹೆಂಡತಿ ವಿಷಯ ಉಳೀತು. ಆ ಹೆಣ್ಣುಮಗಳಿಗೆ ಗೊತ್ತಾಗೋದು ಅವರ ಹಕ್ಕು, ಅದು ಅವರ ಜೀವದ ಪ್ರಶ್ನೆ, ಗಂಡನ ಗುಟ್ಟು ಕಾಪಾಡೋ ನೆಪದಲ್ಲಿ ಅವರನ್ನ ಕತ್ತಲಲ್ಲಿ ಇಡೋದು ಸರಿ ಅಂತ ನಾನು ಯಾವತ್ತೂ ಅಂದ್ಕೊಂಡಿಲ್ಲ. ಆದ್ರೆ ಅದು ನನ್ನಂಥೋನ ಫೋನ್ ಕಾಲಿಂದ ಗೊತ್ತಾಗೋ ವಿಷಯ ಅಲ್ಲವೇ ಅಲ್ಲ. ಕೌನ್ಸೆಲರ್ ಮೂರು ನಾಲ್ಕು ಸಲ ಇವರ ಜೊತೆ ಕೂತು ಮಾತಾಡಿದ್ಮೇಲೆ ಇವರೇ ಹೆಂಡತಿಯನ್ನ ಕರ್ಕೊಂಡು ಬಂದು ಕೌನ್ಸೆಲಿಂಗ್ ರೂಮಲ್ಲಿ ಹೇಳಿದ್ರು. ಆಯಮ್ಮ ತುಂಬಾ ಹೊತ್ತು ಮಾತಾಡ್ಲಿಲ್ಲ, ಆಮೇಲೆ "ಮಕ್ಕಳಿಗೆ?" ಅಂತ ಒಂದೇ ಮಾತು ಕೇಳಿದ್ರು. ಟೆಸ್ಟಲ್ಲಿ ಅವರದು ನೆಗೆಟಿವ್ ಬಂತು. ತಾಯಿಗೆ ಇಲ್ಲ ಅಂದ್ರೆ ಮಕ್ಕಳಿಗೆ ಬಂದಿರೋ ದಾರಿಯಿಲ್ಲಮ್ಮ ಅಂತ ಮೇಡಂ ಹೇಳಿದಾಗ ಅಲ್ಲೇ ಮೇಜಿಗೆ ತಲೆಯಿಟ್ಟು ಅತ್ತರಂತೆ. ಅವರಿಗೆ ಕಾಯಿಲೆ ಗೊತ್ತು. ಹೇಗೆ ಬಂತು ಅನ್ನೋದು ಗೊತ್ತಿದೆಯೋ ಇಲ್ಲವೋ ನಾನು ಕೇಳಿಲ್ಲ. ಅದು ನನಗೆ ಈಗ್ಲೂ ಮನಸ್ಸಲ್ಲಿ ಚುಚ್ಚುತ್ತೆ, ಆದ್ರೆ ಅದನ್ನ ಬಿಡಿಸೋ ಅಧಿಕಾರ ನನ್ನದಲ್ಲ.

2018ರ ಸೆಪ್ಟೆಂಬರ್ ನನಗೆ ಮರೆಯೋಕಾಗಲ್ಲ. 6ನೇ ತಾರೀಖು ಸುಪ್ರೀಂ ಕೋರ್ಟ್ 377ರ ತೀರ್ಪು ಕೊಡ್ತು, ನಮ್ಮಂಥೋರ ಸಂಬಂಧ ಅಪರಾಧ ಅಂತಿದ್ದ ಸೆಕ್ಷನ್ ಅದು, 10ನೇ ತಾರೀಖು ಎಚ್‌ಐವಿ ಏಡ್ಸ್ ಕಾಯ್ದೆ ಜಾರಿಗೆ ಬಂತು, 2017ರಲ್ಲೇ ಪಾಸಾಗಿ ಕಾಯ್ತಾ ಇದ್ದಿದ್ದು. ನಾಲ್ಕು ದಿನದ ಅಂತರ. ಒಂದು ನೀನು ಅಪರಾಧಿ ಅಲ್ಲ ಅಂತು, ಇನ್ನೊಂದು ನಿನ್ನ ಒಪ್ಪಿಗೆ ಇಲ್ಲದೇ ನಿನ್ನ ಸ್ಟೇಟಸ್ ಇನ್ನೊಬ್ಬರ ಬಾಯಿಗೆ ಹೋಗೋ ಹಾಗಿಲ್ಲ, ಕೆಲಸದಲ್ಲಿ ಆಸ್ಪತ್ರೇಲಿ ಬಾಡಿಗೆ ಮನೇಲಿ ಭೇದ ಮಾಡೋ ಹಾಗಿಲ್ಲ ಅಂತು. ನಮ್ಮೋರು ಬಂದು ಕೂರೋ ಡ್ರಾಪ್ ಇನ್ ಸೆಂಟರ್‌ನಲ್ಲಿ ಸ್ವೀಟ್ ಹಂಚಿದ್ವಿ. ನಾನು ಮಾತ್ರ ಆ ಕಾಯ್ದೆ ಓದ್ತಾ ಎರಡು ವರ್ಷದ ಹಿಂದಿನ ಆ ಫೋನ್ ಕಾಲನ್ನೇ ನೆನೆಸ್ಕೊಳ್ತಿದ್ದೆ.

ಹತ್ತಿ ತುಂಬಿದ ಬಾಟಲ ಪಕ್ಕದಲ್ಲೇ ನನಗೆ ನೆನಪಾಗೋದು ವೈರಲ್ ಲೋಡ್ ರಿಪೋರ್ಟ್. ಶುರು ಮಾಡಿ ಆರು ತಿಂಗಳಿಗೊಂದು, ಹನ್ನೆರಡಕ್ಕೊಂದು, ಆಮೇಲೆ ವರ್ಷಕ್ಕೊಂದು ಸಲ ರಕ್ತ ತಗೊಂಡು ವೈರಸ್ ಎಷ್ಟಿದೆ ಅಂತ ನೋಡ್ತಾರೆ. ಮಾತ್ರೆ ತಪ್ಪಿಸದೇ ತಗೊಂಡ್ರೆ ಮಷೀನಿಗೂ ಕಾಣದಷ್ಟು ಕಮ್ಮಿ ಆಗುತ್ತೆ. ಹಾಗೆ ಕಾಣದಷ್ಟು ಕಮ್ಮಿ ಇದ್ದಾಗ ಸೆಕ್ಸಿಂದ ಇನ್ನೊಬ್ಬರಿಗೆ ಹರಡಲ್ಲ. ಕಮ್ಮಿ ಹರಡುತ್ತೆ ಅಂತಲ್ಲ, ಹರಡಲ್ಲ. ಯುರೋಪಿನ 14 ದೇಶಗಳಲ್ಲಿ ಒಬ್ಬ ಪಾಸಿಟಿವ್ ಒಬ್ಬ ನೆಗೆಟಿವ್ ಇರೋ ಗೇ ಜೋಡಿಗಳನ್ನ ವರ್ಷಗಟ್ಟಲೆ ಗಮನಿಸಿದ ಪಾರ್ಟ್‌ನರ್ 2 ಅಧ್ಯಯನ 2019ರಲ್ಲಿ ಪ್ರಕಟ ಆಯ್ತು. 782 ಜೋಡಿಗಳು, ಕಾಂಡೋಮ್ ಇಲ್ಲದೇ ಸುಮಾರು 76 ಸಾವಿರ ಸಲ ಕೂಡಿದ್ದು, ಚಿಕಿತ್ಸೇಲಿದ್ದ ಸಂಗಾತಿಯಿಂದ ಹರಡಿದ್ದು ಸೊನ್ನೆ. ನಾನು ಇದನ್ನ ಕೌನ್ಸೆಲಿಂಗಲ್ಲಿ ಹೇಳುವಾಗ ಜನರ ಮುಖ ನೋಡ್ತೀನಿ. ನಾನು ಇನ್ನೊಬ್ಬರಿಗೆ ವಿಷ ಅಂತ ಅಂದ್ಕೊಂಡು ಯಾರ ಕೈನೂ ಹಿಡೀದೇ ಬದುಕ್ತಿರೋ ಹುಡುಗನಿಗೆ ಆ ಸೊನ್ನೆ ಅಂದ್ರೆ ಏನು ಅಂತ ಹೇಳೋಕಾಗಲ್ಲ. ಸಾವಿನ ಭಯ ಹುಟ್ಟಿಸಿ ಮಾತ್ರೆ ನುಂಗಿಸೋದಕ್ಕಿಂತ, ನೀನು ಯಾರನ್ನಾದ್ರೂ ಪ್ರೀತಿಸಬಹುದು ಅಂತ ಹೇಳಿ ನುಂಗಿಸಿದ್ರೆ ಹೆಚ್ಚು ದಿನ ನಡೆಯುತ್ತೆ, ನಾನು ಕಣ್ಣಾರೆ ನೋಡಿದೀನಿ. ನಮ್ಮೋರಲ್ಲಿ ಸಮಸ್ಯೆ ಚಿಕ್ಕದೇನಲ್ಲ. 2021ರ ರಾಷ್ಟ್ರೀಯ ಲೆಕ್ಕದಲ್ಲಿ ವಯಸ್ಕರಲ್ಲಿ ಎಚ್‌ಐವಿ ಪ್ರಮಾಣ ಶೇ. 0.21, ಫಾರಂನಲ್ಲಿ ಎಂಎಸ್‌ಎಂ ಅಂತ ಬರ್ಕೊಳ್ಳೋರಲ್ಲಿ ಶೇ. 3.26, ಟ್ರಾನ್ಸ್ ಮತ್ತು ಹಿಜ್ರಾ ಸಮುದಾಯದಲ್ಲಿ ಶೇ. 3.78.

ಲಾಕ್‌ಡೌನ್ ಬಂದಾಗ, 2020ರ ಮಾರ್ಚಲ್ಲಿ, ಬಸ್ಸಿಲ್ಲ, ದಂಧೆ ಇಲ್ಲ, ಭಿಕ್ಷೆ ಇಲ್ಲ. ಒಂದು ತಿಂಗಳ ಬದಲು ಮೂರು ತಿಂಗಳ ಮಾತ್ರೆ ಒಟ್ಟಿಗೆ ಕೊಡೋಕೆ ಶುರು ಮಾಡಿದ್ರು, ನಾವು ಪಾಸ್ ತಗೊಂಡು ಸ್ಕೂಟರಲ್ಲಿ ರೇಷನ್ ಕಿಟ್ ಜೊತೆ ಮನೆ ಮನೆಗೆ ಹಂಚಿದ್ವಿ, ಅಕ್ಕಿ ಬೇಳೆ ಮಧ್ಯೆ ಬಾಟಲು ಹುದುಗಿಸಿಟ್ಟು. ತಿಂಗಳು ತಿಂಗಳು ಬಂದ್ರೇನೇ ಶಿಸ್ತು ಅಂತ ಅಷ್ಟು ವರ್ಷ ಹೇಳ್ತಿದ್ದ ವ್ಯವಸ್ಥೆಗೆ ಮೂರು ತಿಂಗಳಿಗೆ ಕೊಟ್ರೂ ಜನ ಸರಿಯಾಗಿ ತಗೊಳ್ತಾರೆ ಅಂತ ಗೊತ್ತಾಗೋಕೆ ಒಂದು ಮಹಾಮಾರಿ ಬರ್ಬೇಕಾಯ್ತು. ಆಮೇಲೆ 2023ರ ಜೂನಲ್ಲಿ ಶಕ್ತಿ ಯೋಜನೆ ಬಂತು, ಹೆಣ್ಣುಮಕ್ಕಳ ಜೊತೆ ಟ್ರಾನ್ಸ್ ಸಮುದಾಯದೋರಿಗೂ ಬಸ್ ಫ್ರೀ. ಆಸ್ಪತ್ರೆಗೆ ಹೋಗೋ ಬಸ್ ಚಾರ್ಜ್ ಉಳೀತು ಅನ್ನೋದಕ್ಕಿಂತ ಕಂಡಕ್ಟರ್ ಟಿಕೆಟ್ ಕೊಟ್ಟ ಅನ್ನೋದೇ ನಮ್ಮ ಅಕ್ಕಂದಿರಿಗೆ ಹೆಚ್ಚಿನ ಸಂಭ್ರಮ. ಕಾರ್ಡಲ್ಲಿ ಗಂಡು ಅಂತ ಇರೋರಿಗೆ ಮಾತ್ರ ಈಗ್ಲೂ ವಾದ ಮಾಡಿ ಮಾಡಿ ಸಾಕಾಗುತ್ತೆ.

ಈಗಿನ ಹುಡುಗರು ಬೇರೆ ಥರ. ಐಟಿ ಕಂಪನಿ, ಪೀಜಿ, ಗ್ರೈಂಡರ್ ಅನ್ನೋ ಗೇ ಡೇಟಿಂಗ್ ಆ್ಯಪ್. ಪಾರ್ಕಿಗೆ ಬರಲ್ಲ, ನಮ್ಮ ಆಫೀಸಿಗೂ ಬರಲ್ಲ. ಪ್ರೈವೇಟ್ ಲ್ಯಾಬಲ್ಲಿ ಟೆಸ್ಟ್ ಮಾಡಿಸ್ತಾರೆ, ರಿಪೋರ್ಟ್ ಪಿಡಿಎಫ್ ಆಗಿ ಫೋನಿಗೆ ಬರುತ್ತೆ, ರಾತ್ರಿ ಹನ್ನೊಂದಕ್ಕೆ, ಪೀಜಿ ರೂಮಲ್ಲಿ, ಪಕ್ಕದ ಬೆಡ್ಡಲ್ಲಿ ರೂಮ್‌ಮೇಟ್ ವೆಬ್ ಸೀರೀಸ್ ನೋಡ್ತಿರ್ತಾನೆ. ಆ ಕ್ಷಣದಲ್ಲಿ ಆ ಹುಡುಗನ ಪಕ್ಕ ಯಾರಿರ್ತಾರೆ? ನನಗೆ ನಿದ್ದೆ ಕೆಡಿಸೋದು ಇದು. ಸರ್ಕಾರಿ ಆಸ್ಪತ್ರೆ ಸಾಲಲ್ಲಿ ನಿಲ್ಲೋಕೆ ನಾಚಿಕೆ, ಪ್ರೈವೇಟಲ್ಲಿ ಎರಡು ತಿಂಗಳು ದುಡ್ಡು ಕೊಟ್ಟು ಆಮೇಲೆ ಬಿಟ್ಟುಬಿಡೋದು. ನಾನು ಅಂಥೋರಿಗೆ ರಾತ್ರಿ ವಾಟ್ಸಾಪಲ್ಲೇ ಮಾತಾಡ್ತೀನಿ, ಮೊದ್ಲ ದಿನ ಆಸ್ಪತ್ರೆಗೆ ಹೋದಾಗ ನಾನೂ ಪೇಷೆಂಟ್ ಥರ ಪಕ್ಕದ ಕುರ್ಚೀಲಿ ಕೂತಿರ್ತೀನಿ, ಪೇಷೆಂಟೇ ಅಲ್ವಾ ನಾನು, ಗೊತ್ತಿಲ್ಲದೋರ ಥರ. ಇದನ್ನ ಓದ್ತಿರೋ ಯಾರಿಗಾದ್ರೂ ಬೇಕಿದ್ರೆ 1097 ರಾಷ್ಟ್ರೀಯ ಏಡ್ಸ್ ಹೆಲ್ಪ್‌ಲೈನ್, ದುಡ್ಡಿಲ್ಲ, ಹೆಸರು ಹೇಳ್ಬೇಕಿಲ್ಲ.

ಆ ಕೊಬ್ಬರಿ ವ್ಯಾಪಾರಿಗೂ ನನಗೂ ಆಮೇಲೆ ಒಂದು ಒಪ್ಪಂದ ಆಯ್ತು. ಹೆಂಡತಿಗೆ ಗೊತ್ತು, ಆದ್ರೆ ಮನೇಲಿ ವಯಸ್ಸಾದ ತಾಯಿ, ಅಂಗಡೀಲಿ ಆಳುಕಾಳು, ಫೋನ್ ಯಾರ ಕೈಗೆ ಬೇಕಾದ್ರೂ ಸಿಗುತ್ತೆ. ಡ್ಯೂ ಡೇಟ್ ಹತ್ರ ಬಂದಾಗ ನಾನು ಫೋನ್ ಮಾಡಿ "ಸಾವ್ಕಾರ್ರೇ, ಕೊಬ್ಬರಿ ಲೋಡ್ ಯಾವಾಗ?" ಅಂತ ಕೇಳ್ಬೇಕು. ಬೇರೆಯೋರು ಎತ್ತಿದ್ರೂ ಪರವಾಗಿಲ್ಲ, ಅವರ ಮನೇಲಿ ದಿನಾ ಹತ್ತು ಜನ ಕೇಳೋ ಪ್ರಶ್ನೆ ಅದು. ಅವರು "ಶನಿವಾರ" ಅಂದ್ರೆ ಶನಿವಾರ ಆಸ್ಪತ್ರೇಲಿ ಇರ್ತಾರೆ. ಒಂದು ಸಲ ಅವರ ತಾಯಿಯೇ ಎತ್ತಿ ರೇಟ್ ಬಿದ್ದೋಗಿದೆಯಪ್ಪ ಈಗ ಕೊಡಲ್ಲ ಅಂದ್ರು, ನಾನು ಆಯ್ತಮ್ಮ ಕಾಯ್ತೀನಿ ಅಂದೆ.

ಈಗ ಅವರಿಗೆ ನಾನು ಫೋನ್ ಮಾಡೋದೇ ಬೇಕಿಲ್ಲ, ವೈರಲ್ ಲೋಡ್ ವರ್ಷಗಳಿಂದ ಕಾಣದಷ್ಟೇ ಇದೆ, ಲಿಸ್ಟಲ್ಲಿ ಹೆಸರು ಬರೋದೇ ಇಲ್ಲ. ಆದ್ರೂ ಹೋದ ತಿಂಗಳು ಒಂದಿನ ರಾತ್ರಿ ಒಂಬತ್ತೂವರೆಗೆ ಅವರದೇ ಫೋನು. ನಾನು ಆಗಷ್ಟೇ ಫೀಲ್ಡಿಂದ ಬಂದು ಶೂ ಕೂಡ ಬಿಚ್ಚಿರ್ಲಿಲ್ಲ, ಅವತ್ತು ಬೆಳಗ್ಗಿಂದ ಇಬ್ಬರನ್ನ ಹುಡುಕಿ ಒಬ್ಬರೂ ಸಿಕ್ಕಿರ್ಲಿಲ್ಲ.

"ತಮ್ಮಾ, ಈ ಸಲ ಲೋಡ್ ಸೋಮವಾರ. ಶನಿವಾರ ಮಗಳನ್ನ ನೋಡೋಕೆ ಬರ್ತಾರೆ."

"ಆಗ್ಲಿ ಸಾವ್ಕಾರ್ರೇ, ಒಳ್ಳೇದಾಗ್ಲಿ" ಅಂದೆ.

ಸ್ವಲ್ಪ ಹೊತ್ತು ಸುಮ್ನಿದ್ದು "ಯಾಕೋ ಧ್ವನಿ ಒಂಥರಾ ಇದೆ. ಊಟ ಆಯ್ತಾ?" ಅಂದ್ರು. ಆ ಗುರು ಮನೆಯ ಮಾತು ಯಾವಾಗ್ಲೋ ನಾನೇ ಅವರಿಗೆ ಹೇಳಿದ್ದೆ.

ಒಂಬತ್ತು ನನ್ನ ಮಾತ್ರೆ ಟೈಮು. ಆಗ್ಲೇ ಅರ್ಧ ಗಂಟೆ ದಾಟಿತ್ತು. ಇನ್ನೂ ಇಲ್ಲ ಅಂದೆ.

"ಮೊದ್ಲು ಮಾಡು, ನಾನು ಲೈನಲ್ಲಿರ್ತೀನಿ."

ಫೋನ್ ಮೇಜಿನ ಮೇಲಿಟ್ಟು ಬ್ಯಾಗಿಂದ ಬಾಟಲು ತೆಗೆದು ಮುಚ್ಚಳ ತಿರುವಿದೆ. ಗಲಗಲ ಅಂತು. ಆ ಕಡೆ ಅವರಿಗೂ ಕೇಳ್ಸಿರ್ಬೇಕು, "ಹ್ಞೂಂ" ಅಂದ್ರು.